ಒಂದೇ ಸಾಲು, ಎರಡು ಮೊತ್ತ

ಪರದೆಯ ಮೇಲೆ ಬಿಲ್ಲಿನ ಮೊತ್ತ 118.40. ಅದೇ ಬಿಲ್ಲಿಗೆ ರಾತ್ರಿಯ ವರದಿಯಲ್ಲಿ 118. ಎರಡೂ ಪ್ರೋಗ್ರಾಂಗಳಲ್ಲಿ ಬಿಲ್ ವಸ್ತುವಿನ ಮುಂದೆ ಚುಕ್ಕಿ ಇಟ್ಟು ‘ಟೋಟಲ್’ ಎಂದು ಕರೆಯುವ ಅದೇ ಸಾಲು. ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಬದಲಾಗಿದ್ದು ನಾವು ಹೊರಗಿನಿಂದ ತಂದುಕೊಂಡಿದ್ದ ಲೈಬ್ರರಿಯ ಆವೃತ್ತಿ ಮಾತ್ರ.

ಬಿಲ್ ಕ್ಲಾಸ್, ಅಂದರೆ ಬಿಲ್ ವಸ್ತುಗಳ ನಮೂನೆ, ಆ ಲೈಬ್ರರಿಯದು, ಅದರೊಳಗೆ ನಾವು ಕೈಯಾಡಿಸುವಂತಿರಲಿಲ್ಲ. ಹಾಗಾಗಿ ಮೊತ್ತವನ್ನು ಪೂರ್ಣಾಂಕಕ್ಕೆ ತರುವ ಟೋಟಲ್ ಅನ್ನು ನಮ್ಮ ತಂಡ ಎಕ್ಸ್‌ಟೆನ್ಷನ್ ಮೆಥಡ್ ಆಗಿ, ಅಂದರೆ ಕ್ಲಾಸಿನ ಹೊರಗಿದ್ದರೂ ಅದರದೇ ಎಂಬಂತೆ ಚುಕ್ಕಿ ಇಟ್ಟು ಕರೆಯಬಹುದಾದ ಕೋಡಿನ ತುಣುಕಾಗಿ, ಬರೆದುಕೊಂಡಿತ್ತು. ನಾವು ಬಳಸುವ ಸಿ ಶಾರ್ಪ್ ಭಾಷೆಗೆ 3.0 ಆವೃತ್ತಿಯೊಂದಿಗೆ, 2007ರಲ್ಲಿ ಬಂದ ಸೌಲಭ್ಯವಿದು. ಒಂದು ಸ್ಟ್ಯಾಟಿಕ್ ಕ್ಲಾಸ್, ಅದರಲ್ಲೊಂದು ಸ್ಟ್ಯಾಟಿಕ್ ಮೆಥಡ್ (ವಸ್ತುವಿಗೆ ಸೇರದೆ ಕ್ಲಾಸಿನ ಹೆಸರಿನಿಂದಲೇ ಕರೆಯುವಂಥದು), ಅದು ಪಡೆಯುವ ಮೊದಲ ಪ್ಯಾರಾಮೀಟರಿಗೆ ಮುನ್ನ ‘ದಿಸ್’ ಎಂಬ ಪದ. ಮುಗಿಯಿತು.

“ಕೋಡ್ ಒಂದೇ ಅಂದಮೇಲೆ ಲೆಕ್ಕ ಹೇಗೆ ಬೇರೆಯಾಗುತ್ತದೆ?” ಎಂದು ಹೊಸದಾಗಿ ಸೇರಿದ್ದ ಹುಡುಗಿ ಪಟ್ಟು ಹಿಡಿದಳು. ಮೂಲ ಕೋಡನ್ನು ಇನ್ನೆಷ್ಟು ದಿಟ್ಟಿಸಿದರೂ ಉತ್ತರ ಸಿಗುವಂತಿರಲಿಲ್ಲ. ಕಂಪೈಲ್ ಆದ, ಅಂದರೆ ಓಡಿಸಬಲ್ಲ ರೂಪಕ್ಕೆ ಬಂದ ಎರಡೂ ಫೈಲುಗಳನ್ನು, ಅವುಗಳ ಒಳಗಿನ ಆದೇಶಗಳನ್ನು ತೋರಿಸುವ ಡಿಸ್‌ಅಸೆಂಬ್ಲರ್‌ನಲ್ಲಿ ಅಕ್ಕಪಕ್ಕ ತೆರೆದೆವು. ವರದಿಯ ಪ್ರೋಗ್ರಾಂನಲ್ಲಿ ಚುಕ್ಕಿಯ ಸುಳಿವೇ ಇಲ್ಲ. ನಮ್ಮ ಸ್ಟ್ಯಾಟಿಕ್ ಕ್ಲಾಸಿನ ಹೆಸರು ಹಿಡಿದು ನೇರ ಕರೆ, ಅದಕ್ಕೆ ಕೊಡುವ ಮೌಲ್ಯವಾಗಿ ಬಿಲ್ ಒಂದು ಆರ್ಗ್ಯುಮೆಂಟ್. ಪರದೆಯ ಪ್ರೋಗ್ರಾಂನಲ್ಲಾದರೋ ಕರೆ ಹೋಗಿದ್ದು ಬಿಲ್ ಕ್ಲಾಸಿನದೇ ಆದ ಟೋಟಲ್‌ಗೆ! ಹೊಸ ಆವೃತ್ತಿಯಲ್ಲಿ ಲೈಬ್ರರಿಯವರು ಅದೇ ಹೆಸರಿನ ಮೆಥಡ್ ಸೇರಿಸಿದ್ದರು, ಪೂರ್ಣಾಂಕದ ಗೊಡವೆ ಇಲ್ಲದೆ.

ಕ್ಲಾಸಿನೊಳಗೇ ಹೊಂದುವ ಮೆಥಡ್ ಇದ್ದರೆ ಕಂಪೈಲರ್ ಎಕ್ಸ್‌ಟೆನ್ಷನ್ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಎಚ್ಚರಿಕೆಯ ಒಂದು ಸಾಲನ್ನೂ ತೋರಿಸುವುದಿಲ್ಲ. ಈ ಮೌನ ನನಗೆ ಇಂದಿಗೂ ಹಿಡಿಸದು. ಬೇರಾವುದೋ ಸಣ್ಣ ತಿದ್ದುಪಡಿಗೆಂದು ಪರದೆಯ ಪ್ರೋಗ್ರಾಂ ಮತ್ತೆ ಕಂಪೈಲ್ ಆಗಿತ್ತು. ವರದಿಯದಕ್ಕೆ ಹೊಸ ಲೈಬ್ರರಿ ಫೈಲನ್ನು ನಕಲಿಸಿದ್ದರಷ್ಟೆ, ಹಳೆಯ ನಿರ್ಧಾರ ಅದರಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು. ಯಾರನ್ನು ಕರೆಯಬೇಕೆಂಬುದು ಕಂಪೈಲ್ ಆಗುವಾಗಲೇ ತೀರ್ಮಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

“ಹಾಗಾದರೆ ಬಿಲ್ ನಲ್ ಆಗಿದ್ದರೆ?” ಎಂದಳು. ನಲ್ ಎಂದರೆ ವಸ್ತುವೇ ಇಲ್ಲದ ಸ್ಥಿತಿ. ಒಳ್ಳೆಯ ಪ್ರಶ್ನೆ. ಎಕ್ಸ್‌ಟೆನ್ಷನ್ ಆದರೆ ಕರೆಯುವ ಜಾಗದಲ್ಲಿ ದೋಷ ಏಳುವುದಿಲ್ಲ. ನಲ್ ಎಂಬುದು ಸಾಮಾನ್ಯ ಆರ್ಗ್ಯುಮೆಂಟಿನಂತೆ ಒಳಗೆ ಹೋಗುತ್ತದೆ. ಕ್ಲಾಸಿನ ಒಳಗಷ್ಟೇ ಬಳಸುವ ಪ್ರೈವೇಟ್ ಭಾಗಗಳು ಎಕ್ಸ್‌ಟೆನ್ಷನ್‌ನ ಕೈಗೆ ಸಿಗದಿರುವುದಕ್ಕೂ, ಆ ಕ್ಲಾಸಿನಿಂದ ಹುಟ್ಟಿದ ಮಗುಕ್ಲಾಸಿನಲ್ಲಿ ಅದನ್ನು ಓವರ್‌ರೈಡ್ ಮಾಡಿ ಬದಲಿಸಲಾಗದಿರುವುದಕ್ಕೂ ಕಾರಣ ಒಂದೇ: ಅದು ಹೊರಗೆ ನಿಂತ ಸ್ಟ್ಯಾಟಿಕ್ ಮೆಥಡ್.

ಕರೆಯನ್ನು ಸ್ಟ್ಯಾಟಿಕ್ ರೂಪದಲ್ಲೇ, ನಮ್ಮ ಕ್ಲಾಸಿನ ಹೆಸರು ಸೇರಿಸಿ ಬರೆದು ನೋಡಿದೆವು. ಪರದೆಯಲ್ಲೂ 118 ಬಂತು. ಆದರೂ ಹಾಗೇ ಬಿಡಲಿಲ್ಲ, ಮೆಥಡ್‌ಗೆ ‘ರೌಂಡೆಡ್ ಟೋಟಲ್’ ಎಂದು ಹೆಸರಿಟ್ಟು ಚುಕ್ಕಿಯನ್ನು ಉಳಿಸಿಕೊಂಡೆವು. ಎಲ್ಲವನ್ನೂ ಸ್ಟ್ಯಾಟಿಕ್ ಆಗಿಯೇ ಬರೆಯೋಣವೆಂದು ಅವಳು ಕೇಳಿದಾಗ, ದತ್ತಾಂಶವನ್ನು ಸೋಸಿ, ಜೋಡಿಸಿ, ಆರಿಸುವ ಸಿ ಶಾರ್ಪ್‌ನ ಲಿಂಕ್ (LINQ) ಸೌಲಭ್ಯದ ‘ವೇರ್’, ‘ಆರ್ಡರ್ ಬೈ’, ‘ಸೆಲೆಕ್ಟ್’ ಸರಪಳಿಯೊಂದನ್ನು ಹಾಗೆ ಬರೆದು ತೋರಿಸೆಂದೆ. ಆವರಣದೊಳಗೆ ಆವರಣ, ಕೊನೆಯ ಕೆಲಸ ಮೊದಲು, ಮೊದಲ ಕೆಲಸ ನಟ್ಟನಡುವೆ. ತಾನೇ ಬರೆದದ್ದನ್ನು ಓದಲಾಗದೆ ನಕ್ಕು ಅಳಿಸಿದಳು.