ಸೋಮವಾರ ಹಾಕ್ತೀನಿ ಅಂದಿದ್ದೆ

ಮಾತು ಕೊಟ್ಟದ್ದು ಶನಿವಾರ ಸಂಜೆ, ಪಂಚಾಯಿತಿ ಬಾಗಿಲಲ್ಲಿ ನಿಂತು. ನೀರುಗಂಟಿಗೆ ನಾಲ್ಕು ತಿಂಗಳ ಸಂಬಳ ಬಾಕಿ ಇತ್ತು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದ ಕಂತು ಆಗಷ್ಟೇ ಜಮೆಯಾಗಿತ್ತು. "ಸೋಮವಾರ ಹಾಕ್ತೀನಿ ಅಣ್ಣಾ" ಅಂದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಆ ಒಂದು ಮಾತಿನ ಮೇಲೆ ಅವರು ಮಗಳ ಕಾಲೇಜು ಫೀಸಿಗೆ ಭಾನುವಾರ ಕೈಸಾಲ ಮಾಡಿದರು.

ಸೋಮವಾರ ಅಧ್ಯಕ್ಷರು, ಪಾವತಿಗೆ ಡಿಜಿಟಲ್ ಸಹಿ ಹಾಕುವ ಡಾಂಗಲ್ ಹಿಡಿದು ಬಂದರು. ಡೇಟಾ ಎಂಟ್ರಿ ಆಪರೇಟರ್ ಪಂಚಾಯಿತಿ ಲೆಕ್ಕದ ಪೋರ್ಟಲ್ ಇ-ಗ್ರಾಮ್ ಸ್ವರಾಜ್ ತೆರೆದು, ಕ್ರಿಯಾ ಯೋಜನೆಯ ಪಟ್ಟಿಯನ್ನು ಎರಡು ಸಲ ಮೇಲೆ ಕೆಳಗೆ ಸರಿಸಿ, "ಸಾರ್, ಇದನ್ನ ಯಾವ ಕಾಮಗಾರಿಗೆ ಹಾಕ್ಲಿ?" ಅಂದರು. ಚರಂಡಿ ಇತ್ತು, ಪೈಪ್‌ಲೈನ್ ಇತ್ತು, ಸಂಬಳ ಎಂಬ ಸಾಲು ಇರಲಿಲ್ಲ. ನೀರು ಬಿಡುವವರ ಸಂಬಳ ನೀರಿನ ಖರ್ಚೇ ಅಲ್ಲವೇ ಅಂತ ನನ್ನ ಲೆಕ್ಕ. ತಾಲ್ಲೂಕು ಪಂಚಾಯಿತಿಗೆ ಫೋನ್ ಮಾಡಿದೆ. "ಅನುದಾನದಲ್ಲಿ ಶೇ. 60 ನಿರ್ಬಂಧಿತ, ನೀರು ನೈರ್ಮಲ್ಯಕ್ಕೆ. ಉಳಿದ 40ರಲ್ಲೂ ಸಂಬಳ, ಆಡಳಿತ ವೆಚ್ಚ ಬರಲ್ಲ. ಮಾರ್ಗಸೂಚಿ ಓದಿಲ್ವೇನ್ರೀ?"

ಓದಿರಲಿಲ್ಲ. ಖಾತೆಯಲ್ಲಿ ಕಂಡ ಮೊತ್ತವನ್ನಷ್ಟೇ ಓದಿದ್ದೆ.

ಆಗ ಕೋಣೆಯಲ್ಲಿದ್ದ ಒಬ್ಬರು ಮೆಲ್ಲಗೆ, "ಪೈಪ್ ರಿಪೇರಿ ಅಂತ ಬಿಲ್ ಮಾಡಿ ಸಾರ್, ಆಮೇಲೆ ಕೈಗೆ ಕೊಟ್ಟರಾಯ್ತು" ಅಂದರು. ಅಧ್ಯಕ್ಷರು ನನ್ನ ಮುಖ ನೋಡಿದರು. ನೀರುಗಂಟಿ ಬಾಗಿಲ ಆಚೆ ಬೆಂಚಿನ ಮೇಲೆ ಕೂತಿದ್ದರು, ಕಾಲರ್ ಗುಂಡಿ ಹಾಕಿದ ಇಸ್ತ್ರಿ ಅಂಗಿಯಲ್ಲಿ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆ ಬಿಲ್ ಮಾಡಿಬಿಡೋಣ ಅಂತ ನನಗೂ ಅನಿಸಿತ್ತು. ಕೊನೆಗೆ ಡಾಂಗಲ್ ಕಿತ್ತು ಅಧ್ಯಕ್ಷರ ಕೈಗಿಟ್ಟು ಹೊರಗೆ ಹೋದೆ. "ಅಣ್ಣಾ, ತಪ್ಪು ನಂದು. ಆ ದುಡ್ಡಲ್ಲಿ ಕೊಡೋಕೆ ಬರಲ್ಲ" ಅಂದೆ. ಅವರು ಬೈಯಲಿಲ್ಲ. "ಸಾಲ ತಗೊಂಡ್ಬಿಟ್ಟೆ ಸಾರ್" ಅಂದರು, ಅಷ್ಟೇ.

ಆ ರಾತ್ರಿ ಕೂತು ಓದಿದೆ. ಕುಡಿಯುವ ನೀರು ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲೊಂದು. ಆದರೆ ಯಾವ ಅಧಿಕಾರವನ್ನು ಎಷ್ಟು ಕೊಡಬೇಕು ಅನ್ನೋದನ್ನ 243ಜಿ ವಿಧಿ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ನಮ್ಮ ನೌಕರರು ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಬರುವವರು. ಹಣಕಾಸು ಆಯೋಗ 280ನೇ ವಿಧಿಯದು, ಅದರ ಅನುದಾನ ದಿಲ್ಲಿಯಿಂದ ರಾಜ್ಯದ ಮೂಲಕ ಷರತ್ತು ಹೊತ್ತೇ ಇಳಿಯುತ್ತದೆ. ಸಂಬಳಕ್ಕೆ ನಮಗಿದ್ದದ್ದು ರಾಜ್ಯದ ಶಾಸನಬದ್ಧ ಅನುದಾನ ಮತ್ತು ಊರಿನ ಕಂದಾಯ. ಆ ಶಾಸನಬದ್ಧ ಅನುದಾನದ ದೊಡ್ಡ ಪಾಲು ನಮ್ಮಲ್ಲಿ ಕರೆಂಟ್ ಬಿಲ್ಲಿಗೇ ಹೋಗಿತ್ತು. ಲೆಕ್ಕ, ಪಾವತಿಯ ತಂತ್ರಾಂಶಗಳಿಗೆ ಪಂಚತಂತ್ರ, ಇ-ಗ್ರಾಮ್ ಸ್ವರಾಜ್, ಪಿಎಫ್‌ಎಂಎಸ್ ಅಂತ ಮೂರು ಪಾಸ್‌ವರ್ಡ್ ಕೊಟ್ಟರು, ಹೊಸದಾಗಿ ಬಂದ ನನ್ನನ್ನು ಒಂದು ದಿನ ಕೂರಿಸಿ ಯಾವ ದುಡ್ಡು ಯಾವುದಕ್ಕೆ ಅಂತ ಹೇಳಿಕೊಡಲಿಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಉಳಿದ ದಾರಿ ಡಿಸಿಬಿ ವಹಿ, ಅಂದರೆ ಯಾರ ಕಂದಾಯ ಎಷ್ಟು ಬಂತು, ಎಷ್ಟು ಬಾಕಿ ಅಂತ ಬರೆದಿಡುವ ಪುಸ್ತಕ. ಬಿಲ್ ಕಲೆಕ್ಟರ್ ಜೊತೆ ನಾನೂ ಮನೆಮನೆಗೆ ಹೋದೆ. ನೀರುಗಂಟಿ ತಾವಾಗಿಯೇ ಜೊತೆಗೆ ಬಂದರು, ಯಾರ ಹಿತ್ತಲಲ್ಲಿ ಎರಡನೇ ನಲ್ಲಿ ಇದೆ ಅನ್ನೋದು ಅವರಿಗಷ್ಟೇ ಗೊತ್ತು. ಹನ್ನೊಂದು ದಿನಕ್ಕೆ ಎರಡು ತಿಂಗಳ ಸಂಬಳದಷ್ಟು ಬಂತು, ಉಳಿದದ್ದು ಮುಂದಿನ ಶಾಸನಬದ್ಧ ಕಂತಿನಲ್ಲಿ. ಕೈಸಾಲದ ಬಡ್ಡಿ ಮಾತ್ರ ಅವರೇ ಕಟ್ಟಿದರು. ನಾನು ಕೊಡಲು ಹೋದರೆ ತಗೊಳ್ಳಲಿಲ್ಲ.

ಈಗ ನಾನು ಯಾವುದಕ್ಕಾದರೂ ತಾರೀಕು ಹೇಳಿದರೆ ಅವರು ಮೊದಲು ಕೇಳುವುದು ಒಂದೇ: "ಯಾವ ಖಾತೆದು ಸಾರ್?"