ರಾತ್ರಿ ಅನ್ನ ಬಿಟ್ಟರೂ ಬೆಳಗಿನ ಶುಗರ್ ಏಕೆ ಇಳಿಯುವುದಿಲ್ಲ?

ರಾತ್ರಿ ಅನ್ನ ಬಿಟ್ಟು ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 130 ದಾಟಿರುತ್ತದಲ್ಲ ಎಂಬ ಗೊಂದಲ, ಸಕ್ಕರೆ ಕಾಯಿಲೆ ಹೊಸದಾಗಿ ಪತ್ತೆಯಾದ ಮನೆಗಳಲ್ಲಿ ಸಾಮಾನ್ಯ. ನಮ್ಮ ಮನೆಯಲ್ಲೂ ಇತ್ತು. ಆ ಹೊತ್ತಿನ ಗ್ಲೂಕೋಸ್ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ಯಕೃತ್ತು ತಾನೇ ತಯಾರಿಸಿ ರಕ್ತಕ್ಕೆ ಬಿಟ್ಟದ್ದು. ಹೊಟ್ಟೆ ಖಾಲಿಯಿರುವಾಗ ಮಿದುಳಿಗೆ ಗ್ಲೂಕೋಸ್ ಒದಗಿಸುವುದು ಯಕೃತ್ತಿನ ನಿತ್ಯದ ಕೆಲಸವಾದರೆ, ಆ ಉತ್ಪಾದನೆಯನ್ನು ಹದ್ದುಬಸ್ತಿನಲ್ಲಿಡುವುದು ಇನ್ಸುಲಿನ್ ಎಂಬ ಹಾರ್ಮೋನು. ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಂಡ ಯಕೃತ್ತು ಈ ಹಿಡಿತಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಊಟದ ನಂತರದ ಕಥೆ ಸ್ನಾಯುಗಳದ್ದು. ಇನ್ಸುಲಿನ್ ಪ್ರಭಾವದಿಂದ ಅವು ಗ್ಲೂಕೋಸನ್ನು ಹೀರಿ ಗ್ಲೈಕೋಜನ್ ರೂಪದಲ್ಲಿ ಕೂಡಿಡಬೇಕು. ಸ್ನಾಯುಗಳ ಇನ್ಸುಲಿನ್ ಸಂವೇದನೆ ಕುಗ್ಗಿದಾಗ, ಅಲ್ಲಿ ಸೇರದ ಶಕ್ತಿಯ ಒಂದು ಪಾಲು ಯಕೃತ್ತಿಗೆ ಹೋಗಿ ಕೊಬ್ಬಾಗುತ್ತದೆ. ಮೇದೋಜ್ಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತಾ ವರ್ಷಗಟ್ಟಲೆ ರಿಪೋರ್ಟನ್ನು ಸರಿಯಾಗಿಯೇ ತೋರಿಸುತ್ತಿರುತ್ತದೆ. ಆದ್ದರಿಂದ 100ರಿಂದ 125ರೊಳಗಿನ ಫಾಸ್ಟಿಂಗ್ ಶುಗರನ್ನು 'ಬಾರ್ಡರ್ ಅಷ್ಟೇ' ಎಂದು ತಳ್ಳಿಹಾಕುವ ನಮ್ಮ ರೂಢಿ ನನಗೆ ಸರಿಕಾಣುವುದಿಲ್ಲ.

ಈ ಚಕ್ರವನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಮತ್ತು ಸಂಗಡಿಗರು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಕಾಯಿಲೆ ಪತ್ತೆಯಾಗಿ ನಾಲ್ಕು ವರ್ಷ ಮೀರದ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರ ಕೊಟ್ಟಾಗ, ಮೊದಲ ವಾರದಲ್ಲೇ ಯಕೃತ್ತಿನ ಕೊಬ್ಬು ಶೇ. 30ರಷ್ಟು ತಗ್ಗಿ ಫಾಸ್ಟಿಂಗ್ ಶುಗರ್ ಸಹಜ ಮಟ್ಟಕ್ಕೆ ಇಳಿಯಿತು. ಸ್ನಾಯುಗಳಲ್ಲಿ ಆ ವಾರ ಹೇಳಿಕೊಳ್ಳುವಂಥ ಬದಲಾವಣೆಯೇ ಇರಲಿಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ತಿರುಳೇ ಇದು: ಮೊದಲು ಚೇತರಿಸಿಕೊಂಡದ್ದು ಯಕೃತ್ತು. ಮೇದೋಜ್ಜೀರಕ ಗ್ರಂಥಿಯ ಕೊಬ್ಬು ನಿಧಾನವಾಗಿ ಕರಗಿ, ಅಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಗ್ಲೂಕೋಸ್ ಕಂಡೊಡನೆ ಇನ್ಸುಲಿನ್ ಬಿಡುವ ಸಾಮರ್ಥ್ಯವನ್ನು ಮರಳಿ ಪಡೆಯಲು ಎಂಟು ವಾರಗಳೇ ಬೇಕಾದವು. ಮುಂದೆ 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ, ತೂಕ ಇಳಿಸುವ ಗುಂಪಿನ ಶೇ. 46ರಷ್ಟು ಮಂದಿ ಒಂದು ವರ್ಷದ ಬಳಿಕ ಮಾತ್ರೆಗಳಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿದ್ದರು. ಎರಡನೇ ವರ್ಷಕ್ಕೆ ಈ ಪ್ರಮಾಣ ಶೇ. 36ಕ್ಕೆ ಇಳಿಯಿತು.

ಇದೆಲ್ಲ ದಪ್ಪಗಿರುವವರ ವಿಷಯ ಎನ್ನುವವರಿಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ ಅವರ ಉದಾಹರಣೆಯಿದೆ. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಆದರೆ ಮೈಯ ಕೊಬ್ಬು ಯಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗಿದ್ದು ಹೊಟ್ಟೆಯಷ್ಟೇ ಮುಂದೆ ಬಂದಿರುವ ನಮ್ಮವರಿಗೆ ತೂಕದ ಯಂತ್ರಕ್ಕಿಂತ ಪ್ಯಾಂಟಿನ ಸೊಂಟದಳತೆಯೇ ಹೆಚ್ಚು ಪ್ರಾಮಾಣಿಕ ಸಾಕ್ಷಿ.

ಊಟವಾದ ಮೇಲಿನ ನಡಿಗೆಯಿಂದಲೂ ಪ್ರಯೋಜನವಿದೆ, ಏಕೆಂದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲದು. ಆದರೆ ಇನ್ಸುಲಿನ್ ಸ್ರವಿಕೆ ಹೆಚ್ಚಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ಪಡೆಯುತ್ತಿರುವವರು ತಾವಾಗಿಯೇ ಊಟವನ್ನು ಏಕಾಏಕಿ ಕಡಿತ ಮಾಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಔಷಧಿಯ ಪ್ರಮಾಣವನ್ನು ವೈದ್ಯರ ಬಳಿ ಮೊದಲೇ ನಿರ್ಧರಿಸಿಕೊಳ್ಳಬೇಕು.