ಒಪ್‌ಎ ಕೊನೆಗೂ ಒಪ್ಪಿಕೊಂಡಿತು

ಒಪ್‌ಎ ಎಂದರೆ ಬ್ಯಾಕ್ಟೀರಿಯಾ ಪೆಪ್ಟೈಡ್‌ಗಳನ್ನು, ಅಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಣಿಗಳನ್ನು, ಹಿಡಿದು ಒಳಗೆ ಸಾಗಿಸಲು ಇಟ್ಟುಕೊಂಡ ಪ್ರೊಟೀನು. ಅದರ ಮಾದರಿಯನ್ನು 3ಡಿ ಮುದ್ರಕದಲ್ಲಿ ಮಾಡುವ ಹನ್ನೊಂದು ವಾರಗಳ ಜಗಳ ನಿನ್ನೆ ರಾತ್ರಿ ಮುಗಿಯಿತು. ಒಂದೇ ಪೊಟರೆಯಲ್ಲಿ ಪುಟ್ಟ ಅಮೈನೋ ಆಮ್ಲ ಅಲನಿನ್ ಕೂತಿತು. ಅದನ್ನು ಕಿತ್ತು ದೊಡ್ಡದಾದ ಟ್ರಿಪ್ಟೊಫಾನ್ ಇಟ್ಟರೆ ಅದೂ ಕೂತಿತು. ಎರಡು ಸಲವೂ ಬಾಯಿ ಟಕ್ಕೆಂದು ಮುಚ್ಚಿಕೊಂಡಿತು. ಅಮ್ಮನನ್ನು ಕರೆದು ತೋರಿಸಿದೆ. "ಒಡೆದ ತೆಂಗಿನಕಾಯಿ ಜೋಡಿಸಿದ ಹಾಗಿದೆ" ಎಂದು ಒಳಗೆ ಹೋದರು.

ರಚನೆಯ ಕಡತ ಇಳಿಸಿದ್ದು, ಮೇಲ್ಮೈ ತೆಗೆದದ್ದು, ಮುದ್ರಣಕ್ಕೆ ಹೋಳು ಮಾಡಿದ್ದು ಎಲ್ಲ ಬಿಟ್ಟುಬಿಡುತ್ತೇನೆ. ಮಾದರಿ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಬ್ಯಾಕ್ಟೀರಿಯಾದ ಒಪ್‌ಎ, ಪ್ರೊಟೀನ್ ರಚನೆಗಳ ಸಂಗ್ರಹದ ಕಡತ 2ಒಎಲ್‌ಬಿ, 517 ಅಮೈನೋ ಆಮ್ಲಗಳು, ಮೂರು ಲೈಸಿನ್‌ಗಳ ಪೆಪ್ಟೈಡನ್ನು ಹೊರಗೆ ಚೂರೂ ಕಾಣದಂತೆ ಬಾಯಲ್ಲಿಟ್ಟುಕೊಂಡ ಸ್ಥಿತಿ. ಅಳತೆ, ಒಂದು ಆಂಗ್‌ಸ್ಟ್ರಾಮಿಗೆ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಎರಡು ಮಿಲಿಮೀಟರ್. ಎರಡು ದವಡೆಗಳನ್ನು ಜೋಡಿಸುವ ಎರಡು ಎಳೆಗಳು ಮುದ್ರಣದ ಪ್ಲಾಸ್ಟಿಕ್ಕಾದ ಪಿಎಲ್‌ಎಯಲ್ಲಿ ಮೂರು ಸಲ ಮುರಿದವು. ಈಗ ಅಲ್ಲಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಇದೆ. ನೋಡಲು ಅಸಹ್ಯ, ಕೆಲಸಕ್ಕೆ ಅಡ್ಡಿಯಿಲ್ಲ.

ಆಷಾಢದಲ್ಲಿ ಮುದ್ರಣ ಶುರುಮಾಡಿದ್ದು ನನ್ನದೇ ತಪ್ಪು. ಮಲೆನಾಡಿನ ಮಳೆಗೆ ಪಿಎಲ್‌ಎ ಸುರುಳಿ ನೀರು ಕುಡಿದು, ನಳಿಕೆಯಲ್ಲಿ ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತಿತ್ತು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಎರಡನೆಯ ಸುರುಳಿ ಒಲೆಗೆ ತುಸು ಹತ್ತಿರವಾಗಿ ಚಕ್ಕುಲಿಯಾಯಿತು. ಇನ್ನು ಪೆಪ್ಟೈಡಿನ ತುದಿ ಹಿಡಿಯಲು ಬೇಕಿದ್ದ ಆಯಸ್ಕಾಂತ: ಮೂರು ಮಿಲಿಮೀಟರ್ ಅಗಲ, ಎರಡು ದಪ್ಪ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದರೂ ಒಂದು ಮಿಲಿಮೀಟರ್ ದಪ್ಪದವು ಬಂದವು. ಅಂಗಡಿಯವನಿಗೆ ಫೋನ್ ಮಾಡಿದರೆ, "ಎರಡನ್ನು ಜೋಡಿಸಿಕೊಳ್ಳಿ ಸಾರ್, ತಾವೇ ಅಂಟುತ್ತವೆ" ಎಂದ. ಮಾತು ಸುಳ್ಳಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು.

ಈಗ ಅಸಲು ತಲೆನೋವು. ಒಪ್‌ಎ ಎರಡರಿಂದ ಐದು ಅಮೈನೋ ಆಮ್ಲಗಳ ಪೆಪ್ಟೈಡ್‌ಗಳನ್ನು ಹಿಡಿಯುತ್ತದೆ, ಜಾತಿ ಕುಲ ಕೇಳದೆ. ಅದನ್ನು ಕೈಯಲ್ಲಿ ಹಿಡಿದು ತೋರಿಸಬೇಕೆಂಬುದೇ ಮಾದರಿಯ ಉದ್ದೇಶ. ಆದ್ದರಿಂದ ಪೆಪ್ಟೈಡಿನ ಬೆನ್ನೆಲುಬನ್ನು ಒಂದು ತುಂಡಾಗಿ ಮಾಡಿ, ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಬಗೆಯಾಗಿ ಪಕ್ಕಕ್ಕೆ ಚಾಚುವ ಪಾರ್ಶ್ವ ಸರಪಣಿಗಳನ್ನು ಬದಲಿಸಬಹುದಾದ ಗೂಟಗಳಾಗಿಸಿದ್ದೆ. ಮುದ್ರಣ ಸುಲಭವಾಗಲೆಂದು ಪ್ರೊಟೀನಿನ ಒಳಗಿನ ಪೊಳ್ಳುಗಳನ್ನೆಲ್ಲ ಮುಚ್ಚಿ, ಮೂರು ಲೈಸಿನ್‌ಗಳ ಅಚ್ಚನ್ನಷ್ಟೇ ಕೊರೆದೆ. ಲೈಸಿನ್‌ಗಳು ಕೈಗವಸಿನೊಳಗೆ ಬೆರಳಿಟ್ಟಂತೆ ಕೂತವು. ಭಾರೀ ಖುಷಿ. ನಡುವಿನದನ್ನು ಅಲನಿನ್‌ಗೆ ಬದಲಿಸಿದೆ: ಗಿಲಕಿಯ ಹಾಗೆ ಗಡಗಡ. ಟ್ರಿಪ್ಟೊಫಾನ್ ಇಟ್ಟೆ: ಬಾಯಿ ಮುಚ್ಚಲೇ ಇಲ್ಲ.

ಹಾಗಾದರೆ ಒಂದೊಂದಕ್ಕೆ ಒಂದೊಂದು ಒಳಪದರ ಎಂದುಕೊಂಡು ನಾಲ್ಕು ಮುದ್ರಿಸಿದೆ, ತಲಾ ಹನ್ನೊಂದು ಗಂಟೆ. ನಾಲ್ಕನೆಯದು ಮುಗಿಯುವಾಗ ಹೊಳೆಯಿತು: ಬ್ಯಾಕ್ಟೀರಿಯಾ ಪೆಪ್ಟೈಡ್ ಬದಲಾದಾಗಲೆಲ್ಲ ಒಳಪದರ ಮುದ್ರಿಸುತ್ತ ಕೂರುವುದಿಲ್ಲ.

ಯಾರ್ಕ್ ವಿಶ್ವವಿದ್ಯಾಲಯದ ತಂಡ ಒಪ್‌ಎಯ ರಚನೆಯನ್ನು ಮೊದಲು ಪ್ರಕಟಿಸಿದ್ದು 1994ರಲ್ಲಿ. ಆಮೇಲೆ ಅವರು ಎರಡು ಲೈಸಿನ್‌ಗಳ ನಡುವಿನ ಅಮೈನೋ ಆಮ್ಲವನ್ನು ಒಂದೊಂದಾಗಿ ಬದಲಿಸಿ, ರಚನೆ ನೋಡಲು ಹರಳು ಬೆಳೆಸಿ, ಬಂಧದ ಶಾಖವನ್ನೂ ಅಳೆದರು. ಉತ್ತರ ಅಲ್ಲೇ ಇತ್ತು. ಪ್ರೊಟೀನ್ ಬಿಗಿಯಾಗಿ ಹಿಡಿಯುವುದು ಬೆನ್ನೆಲುಬನ್ನು ಮತ್ತು ತುದಿಗಳನ್ನು. ಪೆಪ್ಟೈಡಿನ ಅಮೈನೋ ತುದಿಯನ್ನು ಪ್ರೊಟೀನಿನ 419ನೆಯ ಅಮೈನೋ ಆಮ್ಲವಾದ ಆಸ್ಪಾರ್ಟೇಟ್ ಕಚ್ಚಿಕೊಳ್ಳುತ್ತದೆ. ಪಾರ್ಶ್ವ ಸರಪಣಿಗಳ ಪಾಲಿಗೆ ಇರುವುದು ದೊಗಳೆ ಪೊಟರೆಗಳು, ಅವುಗಳ ತುಂಬ ನೀರು. ಸಣ್ಣದು ಬಂದರೆ ಹೆಚ್ಚು ನೀರು ಉಳಿಯುತ್ತದೆ, ದೊಡ್ಡದು ಬಂದರೆ ಒಂದಷ್ಟು ನೀರು ಜಾಗ ಬಿಟ್ಟುಕೊಡುತ್ತದೆ.

ಆ ನೀರು ನನ್ನ ಕಡತದಲ್ಲೇ ಇತ್ತು. ಮೊದಲ ದಿನವೇ, ನಾವೆಲ್ಲ ಕಣ್ಣುಮುಚ್ಚಿ ಮಾಡುವಂತೆ, ಕೈಮೆರಾಎಕ್ಸ್ ತಂತ್ರಾಂಶದಲ್ಲಿ ದ್ರಾವಕವನ್ನೆಲ್ಲ, ಅಂದರೆ ನೀರನ್ನೆಲ್ಲ, ಅಳಿಸಿ ಕೂತಿದ್ದೆ. ಹರಳು ಬೆಳೆಸಲು ಹಾಕಿದ್ದ ಯುರೇನಿಯಂ ಅಯಾನುಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದೆ. ಮೊದಲ ಮಾದರಿಯ ಮೈಮೇಲೆ ನರೂಲಿಗಳ ಹಾಗೆ ಎದ್ದಿರುವ ಗುಂಡುಗಳು ಅವೇ. ನೀರು ಚೆಲ್ಲಿ ಯುರೇನಿಯಂ ಕಾಪಾಡಿದ ಜಾಣ ನಾನು.

ಪೊಳ್ಳುಗಳನ್ನು ಬಿಟ್ಟು ಮತ್ತೆ ಮುದ್ರಿಸಿದೆ. ನೀರಿನ ಅಣು ಸುಮಾರು 2.8 ಆಂಗ್‌ಸ್ಟ್ರಾಮ್, ನನ್ನ ಅಳತೆಯಲ್ಲಿ 5.6 ಮಿಲಿಮೀಟರ್. ಬೇರಿಂಗ್ ಗುಂಡು ತರಿಸಲು ಆ ಆಯಸ್ಕಾಂತದವನ ಬಳಿಗೇ ಹೋಗಬೇಕಿತ್ತು, ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ನಮ್ಮದೇ ತೋಟದ ಕಾಳುಮೆಣಸು ಇತ್ತು. ಕ್ಯಾಲಿಪರ್ ಹಿಡಿದು ಒಂದೊಂದನ್ನೇ ಅಳೆದೆ. ದಪ್ಪ ಕಾಳುಗಳು ಐದೂವರೆಯ ಆಸುಪಾಸಿನಲ್ಲಿದ್ದವು. ನಡುವಿನ ಪೊಟರೆಗೆ ಅಲನಿನ್ ಜೊತೆ ಐದು ಕಾಳು, ಟ್ರಿಪ್ಟೊಫಾನ್ ಜೊತೆ ಎರಡು. ಇದು ನನ್ನ ಅಚ್ಚಿನ ಲೆಕ್ಕ, ಹರಳಿನದ್ದಲ್ಲ. ಆದರೆ ಗಡಗಡ ನಿಂತಿತು. ಅಮೈನೋ ತುದಿಯ ಆಯಸ್ಕಾಂತ, ಹೌದು, ಎರಡೆರಡು ಜೋಡಿಸಿದ್ದು, ಪೆಪ್ಟೈಡನ್ನು ಎಳೆದುಕೊಂಡಿತು.

ಪಾರ್ಶ್ವ ಸರಪಣಿ ಯಾವುದೆಂದು ನೋಡದ ಈ ಉದಾರತನವೇ ಕಳ್ಳಸಾಗಣೆಗೂ ದಾರಿ. ಲೈಸಿನ್ ಗೂಟಗಳಿಂದ ಒಂದೊಂದು ಇಂಗಾಲ ಕತ್ತರಿಸಿದೆ, ಆರ್ನಿಥಿನ್ ಆಯಿತು. ಮೂರು ಆರ್ನಿಥಿನ್‌ಗಳ ಪೆಪ್ಟೈಡ್, ಒಪ್‌ಎ ಸೇರಿರುವ 'ಒಪ್' ಎಂಬ ವಾಹಕದ ಮೂಲಕವೇ ಇ. ಕೋಲಿಯೊಳಗೆ ಹೊಕ್ಕು ಅದಕ್ಕೆ ವಿಷವಾಗುತ್ತದೆ. 1978ರಲ್ಲಿ ವರದಿಯಾದ ಬ್ಯಾಕ್ಟೀರಿಯಾನಾಶಕ ಅಲಫಾಸ್ಫಾಲಿನ್ ಇನ್ನೂ ನಾಜೂಕಿನದು: ಅಲನಿನ್‌ಗೆ ಅಂಟಿದ, ಅಲನಿನ್‌ನಂತೆಯೇ ವೇಷ ಹಾಕಿದ ಫಾಸ್ಫೋನಿಕ್ ಆಮ್ಲ. ಪೆಪ್ಟೈಡ್ ವಾಹಕಗಳು ಆಹಾರವೆಂದು ಅದನ್ನು ಒಳಗೆ ಒಯ್ಯುತ್ತವೆ, ಬ್ಯಾಕ್ಟೀರಿಯಾದ ಕಿಣ್ವವೇ ಅದನ್ನು ಬಿಡಿಸುತ್ತದೆ, ಬಿಡುಗಡೆಯಾದ ತುಂಡು ಕೋಶಭಿತ್ತಿಗೆ ಬೇಕಾದ ಡಿ-ಅಲನಿನ್ (ಅಲನಿನ್‌ನ ಕನ್ನಡಿ ರೂಪ) ತಯಾರಿಯನ್ನೇ ತಡೆಯುತ್ತದೆ. ಈ ಉಪಾಯದ ಹುಳುಕೂ ಹಳೆಯದೇ. ವಾಹಕದ ಜೀನ್ ಕಳೆದುಕೊಂಡ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ; ಒಪ್ ಕೆಟ್ಟ ತಳಿಗಳನ್ನು ಪ್ರಯೋಗಾಲಯದಲ್ಲಿ ಆರಿಸಲು ಮೂರು ಆರ್ನಿಥಿನ್‌ಗಳನ್ನು ಬಳಸಿದ್ದು ಇದೇ ಕಾರಣಕ್ಕೆ.

ಬಾಗಿಲನ್ನೇ ಕಿತ್ತುಹಾಕಿದ ಬ್ಯಾಕ್ಟೀರಿಯಾವನ್ನು ಮಾದರಿಯಲ್ಲಿ ತೋರಿಸುವುದು ಸುಲಭ, ಮೇಜಿನ ಮೇಲೆ ಏನೂ ಇಡದಿದ್ದರಾಯಿತು. ಅದಕ್ಕಿಂತ ನನ್ನ ಕಣ್ಣು ಮೈಕ್ರೋಸಿನ್ ಸಿ ಮೇಲಿದೆ: ಬ್ಯಾಕ್ಟೀರಿಯಾವೇ ಪಕ್ಕದ ಬ್ಯಾಕ್ಟೀರಿಯಾಕ್ಕೆ ಕಳಿಸುವ ವಿಷ, ಏಳು ಅಮೈನೋ ಆಮ್ಲಗಳ ಬಾಲಕ್ಕೆ ನ್ಯೂಕ್ಲಿಯೊಟೈಡ್ (ಆರ್‌ಎನ್‌ಎಯ ಬಿಡಿ ಘಟಕದಂಥದು) ಕಟ್ಟಿದ್ದು. ಅದನ್ನು ಹಿಡಿಯುವ ಯೆಜ್‌ಎ ಪ್ರೊಟೀನಿನ ಕಡತ ನಿನ್ನೆಯೇ ಇಳಿಸಿದ್ದೇನೆ. ಈ ಸಲ ದ್ರಾವಕ ಮುಟ್ಟಿಲ್ಲ.

ಕಾಳುಮೆಣಸು ಮಾತ್ರ ಬೇರೆ ಹುಡುಕಬೇಕು. ಅಳೆದಿಟ್ಟಿದ್ದ ಡಬ್ಬಿ ಬೆಳಿಗ್ಗೆ ಸಾರಿಗೆ ಹೋಯಿತು.